ನೋಟ್ ಕಾಣಬಾರದು, ಬ್ರಾಕೆಟ್ ಮಾತ್ರ ಕಾಣಬೇಕು

ಒಮ್ಮೆ ಪಾಶ್ಚಾತ್ಯ ಸ್ವರಲಿಪಿ ಬರೆಯುವ ತಂತ್ರಾಂಶದಲ್ಲಿ ಲಯದ ಅಭ್ಯಾಸಕ್ಕೆಂದು ಒಂದು ಹಾಳೆ ತಯಾರಿಸುತ್ತಿದ್ದೆ. ನಾಲ್ಕು ಬೀಟ್‌ಗಳ (ತಾಳದ ಎಣಿಕೆಗಳ) ಒಂದು ಬಾರ್, ಅಂದರೆ ಎರಡು ಗೆರೆಗಳ ನಡುವಿನ ಒಂದು ಖಂಡ. ಎರಡನೇ ಬೀಟ್‌ನಲ್ಲಿ ಟ್ರಿಪ್ಲೆಟ್ ಎಂಬ ಮೂರು ನೋಟ್‌ಗಳ (ಸ್ವರಚಿಹ್ನೆಗಳ) ಗುಂಪು. ಅದರ ಮೂರು ನೋಟ್‌ಗಳ ಜಾಗ ಖಾಲಿ ಇರಬೇಕು. ಕೇಳಿಸಿಕೊಂಡವರು ಪೆನ್ಸಿಲ್ ಹಿಡಿದು ಅಲ್ಲಿ ತಾವೇ ಬರೆಯಬೇಕು. ಖಾಲಿ ಜಾಗದ ಮೇಲೆ ಒಂದು ಬ್ರಾಕೆಟ್ (ಎರಡೂ ತುದಿ ಮಡಚಿದ ಅಡ್ಡಗೆರೆ), ಅದರ ನಡುವೆ 3. ಇಷ್ಟೇ ಬೇಕಾಗಿದ್ದದ್ದು.

ಮೂರೂ ನೋಟ್‌ಗಳನ್ನು ಬರೆದೆ, ಆಯ್ಕೆ ಮಾಡಿದೆ, ಮರೆಮಾಡಿದೆ. ನೋಟ್‌ಗಳು ಹೋದವು. ಉಳಿದದ್ದು ಗಾಳಿಯಲ್ಲಿ ತೇಲುವ ಒಂಟಿ 3. ಬ್ರಾಕೆಟ್ ಇಲ್ಲ. ಅದು ಟ್ರಿಪ್ಲೆಟ್‌ನ 3 ಅಂತ ನನಗೆ ಗೊತ್ತು, ಯಾಕೆಂದರೆ ಹಾಕಿದ್ದು ನಾನೇ. ನೋಡುವವರಿಗೆ ಅದು ಮೂರನೇ ಬೆರಳಿನ ಗುರುತೂ ಆಗಬಹುದು, ಮೂರನೇ ಪ್ರಶ್ನೆಯೂ ಆಗಬಹುದು. ಮತ್ತೊಂದು ಸಲ ಬೇರೆ ರೀತಿಯಲ್ಲಿ ಆಯ್ಕೆ ಮಾಡಿ ಮರೆಮಾಡಿದಾಗ ಆ 3 ಕೂಡ ಹೋಯಿತು. ಬಾರ್‌ನಲ್ಲಿ ಸುಮ್ನೆ ಒಂದು ತೂತು ಬಿದ್ದ ಹಾಗೆ ಕಂಡಿತು.

ಇದು ತಂತ್ರಾಂಶದ ದೋಷವೇನಲ್ಲ. ಅದು ತನಗೆ ಹೇಳಿಕೊಟ್ಟ ನಿಯಮವನ್ನೇ ಪಾಲಿಸುತ್ತಿತ್ತು. ಆ ನಿಯಮ ಏನೆಂದು ತಿಳಿದರೆ ಮೂರು ಕ್ಲಿಕ್‌ನಲ್ಲಿ ಕೆಲಸ ಮುಗಿಯುತ್ತದೆ. ತಿಳಿಯದಿದ್ದರೆ ಗಂಟೆಗಟ್ಟಲೆ ಗೆರೆ ಎಳೆಯುತ್ತಾ ಕೂರಬೇಕಾಗುತ್ತದೆ. ನಾನು ಕೂತಿದ್ದೇನೆ.

ಒಂದು ಹೆಸರು, ಮೂರು ಸಂಗತಿ

ಟ್ರಿಪ್ಲೆಟ್ ಎಂದರೆ ಎರಡರ ಜಾಗದಲ್ಲಿ ಮೂರು. ಒಂದು ಬೀಟ್‌ನಲ್ಲಿ ಸಾಮಾನ್ಯವಾಗಿ ಎರಡು ಎಯ್ತ್ ನೋಟ್ (ಅರ್ಧ ಬೀಟ್‌ನ ನೋಟ್) ಹಿಡಿಸುತ್ತವೆ. ಅದೇ ಬೀಟ್‌ನೊಳಗೆ ಮೂರನ್ನು ಸಮವಾಗಿ ಕೂರಿಸಿದರೆ ಟ್ರಿಪ್ಲೆಟ್. ಕಾಗದದ ಮೇಲೆ ಮಾತ್ರ ಅವು ಮಾಮೂಲಿ ಎಯ್ತ್ ನೋಟ್‌ಗಳ ಹಾಗೆಯೇ ಕಾಣುತ್ತವೆ. ಅದೇ ತಲೆ, ಅದೇ ಸ್ಟೆಮ್ (ತಲೆಗೆ ಅಂಟಿದ ಕಡ್ಡಿ), ಅದೇ ಬೀಮ್ (ಕಡ್ಡಿಗಳನ್ನು ಜೋಡಿಸುವ ದಪ್ಪ ಪಟ್ಟಿ). ಇವು ಬೇರೆ ಲೆಕ್ಕದವು ಎಂದು ಹೇಳುವುದು ಮೇಲಿನ 3 ಮಾತ್ರ.

ಕಂಪ್ಯೂಟರ್ ಇದನ್ನು ಹೇಗೆ ಎಣಿಸುತ್ತದೆ ನೋಡೋಣ. ಸಂಗೀತದ ತಂತ್ರಾಂಶಗಳು ಕಾಲವನ್ನು ಟಿಕ್ ಎಂಬ ಚೂರುಗಳಲ್ಲಿ ಅಳೆಯುವುದು ಸಾಮಾನ್ಯ. ಒಂದು ಕ್ವಾರ್ಟರ್ ನೋಟ್‌ಗೆ (ಇಲ್ಲಿ ಒಂದು ಬೀಟ್‌ಗೆ) 480 ಟಿಕ್ ಎಂಬ ಲೆಕ್ಕ ಬಹಳ ಕಡೆ ಬಳಕೆಯಲ್ಲಿದೆ. ಆಗ ಮಾಮೂಲಿ ಎಯ್ತ್ ನೋಟ್‌ಗೆ 240 ಟಿಕ್. ಟ್ರಿಪ್ಲೆಟ್‌ನೊಳಗಿನ ಎಯ್ತ್ ನೋಟ್‌ಗೆ 160. ಮೂರು 160 ಸೇರಿದರೂ 480, ಎರಡು 240 ಸೇರಿದರೂ 480. ಬೀಟ್ ತುಂಬಿತು. 480 ಎಂಬ ಸಂಖ್ಯೆ ಚಾಲ್ತಿಗೆ ಬಂದಿರುವುದೂ ಅದು 2, 3, 5 ಇವುಗಳಿಂದ ಸಲೀಸಾಗಿ ಭಾಗವಾಗುತ್ತದೆ ಎಂಬ ಅನುಕೂಲದಿಂದಲೇ. 7ರಿಂದ ಆಗುವುದಿಲ್ಲ. ಏಳರ ಗುಂಪು ಬರೆಯುವವರಿಗೆ ಆ ತಾಪತ್ರಯ ಇದ್ದದ್ದೇ.

ಈಗ ನಮ್ಮ ವಿಷಯದ ತಿರುಳಿಗೆ ಬರೋಣ. ನಾವು ಟ್ರಿಪ್ಲೆಟ್ ಎಂದು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ತಂತ್ರಾಂಶದ ಕಣ್ಣಿಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು ಕಾಲದ ನಿಯಮ, ಅಂದರೆ 240ರ ಬದಲು 160 ಎಂಬ ಲೆಕ್ಕ. ಎರಡನೆಯದು 3 ಎಂಬ ಅಂಕಿ. ಮೂರನೆಯದು ಬ್ರಾಕೆಟ್. ನಿಯಮ ಕಣ್ಣಿಗೆ ಕಾಣುವ ವಸ್ತುವೇ ಅಲ್ಲ. ಅಂಕಿ ಮತ್ತು ಬ್ರಾಕೆಟ್ ಬರೀ ಚಿತ್ರ. ನಿಯಮ ಇದ್ದೂ ಚಿತ್ರ ಇಲ್ಲದಿರಬಹುದು. ಪಿಯಾನೋ ಸಂಗೀತದಲ್ಲಿ ಎಡಗೈ ಪುಟವಿಡೀ ಟ್ರಿಪ್ಲೆಟ್ ನುಡಿಸುತ್ತಿದ್ದರೆ ಮೊದಲ ಒಂದೆರಡು ಬಾರ್‌ಗಳಲ್ಲಿ ಮಾತ್ರ 3 ಬರೆದು ಮುಂದೆ ಬಿಟ್ಟುಬಿಡುತ್ತಾರೆ. ಅಲ್ಲಿ ನಿಯಮ ಇದೆ, ಅಂಕಿ ಇಲ್ಲ. ನನಗೆ ಬೇಕಾಗಿದ್ದದ್ದು ಇದರ ತದ್ವಿರುದ್ಧ. ಚಿತ್ರ ಇರಬೇಕು, ಅದರ ಕೆಳಗಿನ ನೋಟ್ ಕಾಣಬಾರದು.

ಬ್ರಾಕೆಟ್ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ

ಮೂರು ಎಯ್ತ್ ನೋಟ್‌ಗಳು ಒಂದೇ ಬೀಮ್‌ನ ಕೆಳಗೆ ಇದ್ದರೆ ಗುಂಪು ಯಾವುದು ಎಂದು ಬೀಮೇ ಹೇಳುತ್ತದೆ. ಅದರ ಮೇಲೆ 3 ಬರೆದರೆ ಸಾಕು, ಬ್ರಾಕೆಟ್ ಬೇಡ. ಕ್ವಾರ್ಟರ್ ನೋಟ್‌ಗಳ ಟ್ರಿಪ್ಲೆಟ್‌ಗೆ ಬೀಮ್ ಇರುವುದಿಲ್ಲ. ಅಲ್ಲಿ ಗುಂಪು ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಲು ಬ್ರಾಕೆಟ್ ಬೇಕೇ ಬೇಕು. ಗುಂಪಿನ ಆರಂಭದಲ್ಲೋ ಕೊನೆಯಲ್ಲೋ ರೆಸ್ಟ್ (ಮೌನದ ಗುರುತು) ಇದ್ದರೂ ಹಾಗೇ. ಬೀಮ್ ಸಾಮಾನ್ಯವಾಗಿ ರೆಸ್ಟ್‌ನ ಮೇಲೆ ಹಾಯುವುದಿಲ್ಲವಲ್ಲ, ಆಗ ಆ ರೆಸ್ಟ್ ಕೂಡ ಗುಂಪಿಗೆ ಸೇರಿದ್ದು ಎಂದು ಬ್ರಾಕೆಟ್ ತಾನೇ ಹೇಳಬೇಕು.

ಹಳೆಯ ಅಚ್ಚಿನ ಪ್ರತಿಗಳಲ್ಲಿ ಬ್ರಾಕೆಟ್‌ನ ಜಾಗದಲ್ಲಿ ಬಾಗಿದ ಗೆರೆ ಎಳೆಯುತ್ತಿದ್ದರು. ಸ್ಲರ್‌ನ ಗೆರೆಯೂ ಹಾಗೇ ಬಾಗಿರುತ್ತದೆ. ಇದು ಬರೀ ಗುಂಪಿನ ಗುರುತೋ, ನೋಟ್‌ಗಳನ್ನು ಕೂಡಿಸಿ ನುಡಿಸು ಎಂಬ ಸೂಚನೆಯೋ ಎಂಬ ಗೊಂದಲ ಇಂದಿಗೂ ಆ ಪ್ರತಿಗಳನ್ನು ಓದುವವರನ್ನು ಕಾಡುತ್ತದೆ. ಈಗಿನ ಚೌಕಾಕಾರದ ಬ್ರಾಕೆಟ್ ಆ ಗೊಂದಲಕ್ಕೆ ಸಿಕ್ಕ ಉತ್ತರ.

ತಂತ್ರಾಂಶಗಳು ಮೇಲೆ ಹೇಳಿದ ರೂಢಿಯನ್ನೇ ನಿಯಮವಾಗಿ ಇಟ್ಟುಕೊಂಡಿವೆ. ಬ್ರಾಕೆಟ್‌ಗೆ ಮೂರು ಸ್ಥಿತಿ. ಯಾವಾಗಲೂ ತೋರಿಸು, ಎಂದೂ ತೋರಿಸಬೇಡ, ನೀನೇ ನೋಡಿ ನಿರ್ಧರಿಸು. ಹೊಸ ಟ್ರಿಪ್ಲೆಟ್ ಹಾಕಿದಾಗ ಸಾಮಾನ್ಯವಾಗಿ ಇರುವುದು ಮೂರನೆಯದು, ಅಂದರೆ ಆಟೋಮ್ಯಾಟಿಕ್. ಬೀಮ್ ಇದೆಯೇ? ಹಾಗಾದರೆ ಬ್ರಾಕೆಟ್ ಬೇಡ. ಬೀಮ್ ಇಲ್ಲವೇ? ಬ್ರಾಕೆಟ್ ಹಾಕು.

ಇಲ್ಲೇ ಎಡವಟ್ಟಾಗುವುದು. ನಾನು ಮರೆಮಾಡಿದ ಮೂರು ಎಯ್ತ್ ನೋಟ್‌ಗಳಿಗೆ ಬೀಮ್ ಇತ್ತು. ಮರೆಮಾಡಿದ ಮೇಲೂ ಇತ್ತು! ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ. ತಂತ್ರಾಂಶಕ್ಕೆ ‘ಇದೆಯೇ’ ಎಂಬ ಪ್ರಶ್ನೆ ಬೇರೆ, ‘ಕಾಣುತ್ತಿದೆಯೇ’ ಎಂಬ ಪ್ರಶ್ನೆ ಬೇರೆ. ಅದು ಕೇಳಿಕೊಂಡದ್ದು ಮೊದಲನೆಯದನ್ನು. ಬೀಮ್ ಇದೆ, ಆದ್ದರಿಂದ ಬ್ರಾಕೆಟ್ ಬೇಡ ಎಂದು ತೀರ್ಮಾನಿಸಿ 3 ಮಾತ್ರ ಉಳಿಸಿತು.

ಹಾಗಾದರೆ ಪರಿಹಾರವೂ ಗೊತ್ತಾಯಿತು. ಟ್ರಿಪ್ಲೆಟ್‌ನ ಅಂಕಿಯನ್ನು ಕ್ಲಿಕ್ ಮಾಡಿ ಆಯ್ಕೆ ಮಾಡಬೇಕು, ಬ್ರಾಕೆಟ್‌ನ ಸ್ಥಿತಿಯನ್ನು ಆಟೋಮ್ಯಾಟಿಕ್‌ನಿಂದ ‘ಯಾವಾಗಲೂ’ಗೆ ಬದಲಿಸಬೇಕು. ನೋಟ್‌ಗಳನ್ನು ಮರೆಮಾಡುವ ಮೊದಲೇ ಇದನ್ನು ಮಾಡಿಕೊಂಡರೆ ಒಳ್ಳೆಯದು. ಆಗ ಅಂಕಿ ಎಲ್ಲಿದೆ ಎಂದು ಹುಡುಕುವ ಗೋಜಿಲ್ಲ.

ಒಂದು ಎಚ್ಚರಿಕೆ. ಆ ಅಂಕಿಯನ್ನು ಆಯ್ಕೆ ಮಾಡಿ ಡಿಲೀಟ್ ಒತ್ತಬೇಡಿ. ಮ್ಯೂಸ್‌ಸ್ಕೋರ್ ಎಂಬ ತಂತ್ರಾಂಶದಲ್ಲಿ ಹಾಗೆ ಮಾಡಿದರೆ ಹೋಗುವುದು ಅಂಕಿ ಮಾತ್ರವಲ್ಲ, ಇಡೀ ಟ್ರಿಪ್ಲೆಟ್. ಅದರ ಜಾಗಕ್ಕೆ ಒಂದು ರೆಸ್ಟ್ ಬಂದು ಕೂರುತ್ತದೆ. ಅಲ್ಲಿ ಅಂಕಿ ಎಂಬುದು ಇಡೀ ಗುಂಪಿನ ಹಿಡಿಕೆ. ಹಿಡಿಕೆ ಎಸೆದರೆ ಪಾತ್ರೆಯೂ ಹೋಗುತ್ತದೆ.

ಮರೆಮಾಡುವುದರಲ್ಲೂ ಬಗೆಗಳಿವೆ

ಡಿಲೀಟ್ ಒತ್ತಿದರೆ ನೋಟ್ ಹೋಗಿ ಅದರ ಜಾಗಕ್ಕೆ ಅಷ್ಟೇ ಅಳತೆಯ ರೆಸ್ಟ್ ಬರುತ್ತದೆ. ಬಾರ್‌ನ ಲೆಕ್ಕ ತುಂಬಲೇಬೇಕಲ್ಲ. ಮರೆಮಾಡಿದರೆ ಹಾಗಲ್ಲ. ನೋಟ್ ಅಲ್ಲೇ ಇದೆ, ಅದರ 160 ಟಿಕ್ ಅಲ್ಲೇ ಇದೆ, ಶಾಯಿ ಮಾತ್ರ ಬೀಳುವುದಿಲ್ಲ.

ಅದರಲ್ಲೂ ಎರಡು ರೀತಿ. ಕಾಣದಿದ್ದರೂ ಜಾಗ ಹಿಡಿದುಕೊಂಡಿರುವುದು ಒಂದು. ಜಾಗವನ್ನೂ ಬಿಟ್ಟುಕೊಡುವುದು ಇನ್ನೊಂದು. ಖಾಲಿ ತುಂಬುವ ಹಾಳೆಗೆ ಮೊದಲನೆಯದು ಬೇಕು. ಜಾಗ ಇಲ್ಲದಿದ್ದರೆ ಬರೆಯುವವರು ಎಲ್ಲಿ ಬರೆಯಬೇಕು? ಲಿಲಿಪಾಂಡ್ ಎಂಬ ತಂತ್ರಾಂಶ ಈ ವ್ಯತ್ಯಾಸವನ್ನು ಬಾಯಿಬಿಟ್ಟೇ ಹೇಳುತ್ತದೆ. 1996ರಲ್ಲಿ ಹಾನ್‌ವೆನ್ ನಿಯೆನ್‌ಹೌಸ್ ಮತ್ತು ಯಾನ್ ನ್ಯೂವೆನ್‌ಹೌಜೆನ್ ಶುರುಮಾಡಿದ ಇದರಲ್ಲಿ ಮೌಸ್ ಹಿಡಿದು ನೋಟ್ ಇಡುವುದಿಲ್ಲ. ಸಂಗೀತವನ್ನು ಅಕ್ಷರಗಳಲ್ಲಿ ಬರೆದುಕೊಟ್ಟರೆ ಅದು ಅಚ್ಚುಕಟ್ಟಾದ ಪುಟ ಮಾಡಿಕೊಡುತ್ತದೆ. ಅದರಲ್ಲಿ ‘ಹೈಡ್’ ಎಂದರೆ ವಸ್ತು ಪಾರದರ್ಶಕ, ಜಾಗ ಹಾಗೇ ಉಳಿಯುತ್ತದೆ. ‘ಒಮಿಟ್’ ಎಂದರೆ ಚಿತ್ರವೂ ಇಲ್ಲ, ಅದಕ್ಕೆ ಜಾಗವೂ ಇಲ್ಲ.

ಲಿಲಿಪಾಂಡ್‌ನಲ್ಲಿ ‘ಹೈಡ್‌ನೋಟ್ಸ್’ ಎಂಬ ಆಜ್ಞೆಯೂ ಇದೆ. ಅದನ್ನು ಕೊಟ್ಟರೆ ಮುಂದಿನ ನೋಟ್‌ಗಳ ತಲೆ, ಸ್ಟೆಮ್, ಬೀಮ್, ರೆಸ್ಟ್ ಎಲ್ಲ ಪಾರದರ್ಶಕವಾಗುತ್ತವೆ. ಆದರೆ ಆ ನೋಟ್‌ಗಳಿಗೆ ಅಂಟಿಕೊಂಡ ಇತರ ಗುರುತುಗಳು ಕಾಣುತ್ತಲೇ ಇರುತ್ತವೆ. ಟ್ರಿಪ್ಲೆಟ್‌ನ ಅಂಕಿಯೂ ಅಂಥದ್ದೇ. ಬ್ರಾಕೆಟ್ ಮಾತ್ರ ‘ಬೀಮ್ ಇಲ್ಲದಿದ್ದರೆ ತೋರಿಸು’ ಎಂಬ ಮೂಲ ಸ್ಥಿತಿಯಲ್ಲಿರುತ್ತದೆ. ಬೀಮ್ ಪಾರದರ್ಶಕವಾಗಿದ್ದರೂ ಅಲ್ಲೇ ಇರುವುದರಿಂದ ಬ್ರಾಕೆಟ್ ಬರುವುದಿಲ್ಲ. ಅದೇ ಕಥೆ, ಬೇರೆ ತಂತ್ರಾಂಶ. ಟಪ್ಲೆಟ್ (ಟ್ರಿಪ್ಲೆಟ್‌ನಂಥ ಗುಂಪುಗಳ ಒಟ್ಟು ಹೆಸರು) ಬ್ರಾಕೆಟ್‌ನ ‘ಬ್ರಾಕೆಟ್ ವಿಸಿಬಿಲಿಟಿ’ ಎಂಬ ಗುಣವನ್ನು ‘ನಿಜ’ಕ್ಕೆ ಬದಲಿಸಿದರೆ ಸರಿಹೋಗುತ್ತದೆ.

ಅಲ್ಲಿ ಇನ್ನೊಂದು ಬಲೆ ಇದೆ. ಲಿಲಿಪಾಂಡ್‌ನಲ್ಲಿ ಏನನ್ನೂ ಅಚ್ಚು ಮಾಡದೆ ಕಾಲವನ್ನು ಮಾತ್ರ ಮುಂದಕ್ಕೆ ತಳ್ಳುವ ಖಾಲಿ ರೆಸ್ಟ್ ಸಿಗುತ್ತದೆ. ಮರೆಮಾಡುವ ತಲೆನೋವೇ ಬೇಡ, ಮೂರು ಖಾಲಿ ರೆಸ್ಟ್ ಹಾಕಿ ಅದಕ್ಕೆ ಬ್ರಾಕೆಟ್ ಕೊಟ್ಟರಾಯಿತು ಎನ್ನಿಸುತ್ತದೆ. ಆದರೆ ಬ್ರಾಕೆಟ್‌ಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಎಲ್ಲಿ ಶುರು, ಎಲ್ಲಿ ಕೊನೆ, ಎಷ್ಟು ಎತ್ತರ ಎಂಬುದನ್ನು ಅದು ನೋಟ್‌ಗಳನ್ನು ನೋಡಿ ತಿಳಿಯುತ್ತದೆ. ಖಾಲಿ ರೆಸ್ಟ್ ಪುಟದ ಮೇಲೆ ಯಾವ ವಸ್ತುವನ್ನೂ ಇಡುವುದಿಲ್ಲ. ಬಟ್ಟೆ ಒಣಗಿಸುವ ಹಗ್ಗಕ್ಕೆ ಎರಡು ಕಂಬ ಬೇಕಲ್ವಾ, ಹಾಗೆ. ಕಂಬಕ್ಕೆ ಕಾಣದ ಬಣ್ಣ ಬಳಿಯಬಹುದು, ಕಂಬವನ್ನೇ ಕೀಳಬಾರದು.

ಯಾವ ತಂತ್ರಾಂಶದಲ್ಲಿ ಎಲ್ಲಿ ಹುಡುಕಬೇಕು

ಮ್ಯೂಸ್‌ಸ್ಕೋರ್‌ನಲ್ಲಿ ಕಂಟ್ರೋಲ್ ಜೊತೆ 3 ಒತ್ತಿದರೆ ಟ್ರಿಪ್ಲೆಟ್ ಬರುತ್ತದೆ. ವಿ ಕೀಲಿ ಒತ್ತಿದರೆ ಆಯ್ಕೆಯಾದ ವಸ್ತು ಮರೆಯಾಗುತ್ತದೆ, ಮತ್ತೆ ಒತ್ತಿದರೆ ಮರಳುತ್ತದೆ. ಮರೆಯಾದದ್ದು ಪರದೆಯ ಮೇಲೆ ಬೂದು ಬಣ್ಣದಲ್ಲಿ ಕಾಣುತ್ತದೆ, ಅಚ್ಚಿನಲ್ಲಿ ಬರುವುದಿಲ್ಲ. ಅಂಕಿಯನ್ನು ಆಯ್ಕೆ ಮಾಡಿದರೆ ಪ್ರಾಪರ್ಟೀಸ್ ಫಲಕದಲ್ಲಿ ಬ್ರಾಕೆಟ್‌ನ ಬಗೆ ಮತ್ತು ಅಂಕಿಯ ಬಗೆ ಎಂಬ ಎರಡು ಆಯ್ಕೆ ಸಿಗುತ್ತವೆ. ಮೊದಲನೆಯದನ್ನು ಬ್ರಾಕೆಟ್ ಎಂದು ಬದಲಿಸಿ. ಎರಡನೆಯದರಲ್ಲಿ 3 ಎಂಬ ಅಂಕಿಯೋ, 3:2 ಎಂಬ ಅನುಪಾತವೋ, ಏನೂ ಬೇಡವೋ ಎಂದು ಹೇಳಬಹುದು.

ಸಿಬೇಲಿಯಸ್ 1993ರಲ್ಲಿ ಏಕಾರ್ನ್ ಕಂಪ್ಯೂಟರ್‌ಗಳಿಗಾಗಿ ಹೊರಬಂದದ್ದು, ಬೆನ್ ಮತ್ತು ಜೊನಾಥನ್ ಫಿನ್ ಎಂಬ ಅವಳಿ ಸಹೋದರರ ಕೆಲಸ. ಅದರಲ್ಲಿ ಮರೆಮಾಡಲು ಕಂಟ್ರೋಲ್, ಶಿಫ್ಟ್, ಎಚ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಟ್ರಿಪ್ಲೆಟ್‌ಗೆ ಬ್ರಾಕೆಟ್, ಬ್ರಾಕೆಟ್ ಇಲ್ಲ, ಆಟೋ ಬ್ರಾಕೆಟ್ ಎಂಬ ಮೂರು ಸ್ಥಿತಿಗಳನ್ನು ಅದು ಹೆಸರಿಟ್ಟೇ ಕೊಡುತ್ತದೆ. ಅಲ್ಲಿ ನನಗೆ ಇಷ್ಟವಾದದ್ದು ಇನ್ನೊಂದು. ಒಂದು ವಸ್ತುವನ್ನು ಪೂರ್ಣ ಸ್ಕೋರ್‌ನಲ್ಲಿ (ಎಲ್ಲ ವಾದ್ಯಗಳ ಪ್ರತಿಯಲ್ಲಿ) ಮಾತ್ರ ತೋರಿಸು, ಬಿಡಿ ವಾದ್ಯದ ಪ್ರತಿಯಲ್ಲಿ ಮಾತ್ರ ತೋರಿಸು ಎಂದೂ ಹೇಳಬಹುದು. ಉತ್ತರ ಇರುವ ಪ್ರತಿ ಒಂದು, ಖಾಲಿ ಪ್ರತಿ ಇನ್ನೊಂದು, ಎರಡೂ ಒಂದೇ ಕಡತದಲ್ಲಿ.

ಫಿನಾಲೆ 1988ರಿಂದ ಇತ್ತು. ಅದನ್ನು ಇನ್ನು ಮುಂದೆ ಬೆಳೆಸುವುದಿಲ್ಲ ಎಂದು ತಯಾರಕರು 2024ರ ಆಗಸ್ಟ್‌ನಲ್ಲಿ ಘೋಷಿಸಿದರು. ಹಾಗಿದ್ದರೂ ಹಳೆಯ ಕಡತಗಳು ಎಷ್ಟೋ ಜನರ ಬಳಿ ಇವೆ. ಅದರಲ್ಲಿ ಟಪ್ಲೆಟ್ ಟೂಲ್ ಹಿಡಿದು ಗುಂಪಿನ ಮೊದಲ ನೋಟ್ ಕ್ಲಿಕ್ ಮಾಡಿದರೆ, ಬ್ರಾಕೆಟ್ ಯಾವಾಗಲೂ ಬೇಕೋ, ಬೀಮ್ ಇಲ್ಲದ ನೋಟ್‌ಗಳಿಗೆ ಮಾತ್ರ ಬೇಕೋ ಎಂಬ ಆಯ್ಕೆ ಸಿಗುತ್ತದೆ. ಅದರಲ್ಲಿ ನೋಟ್ ಬರೆಯುವ ಎರಡು ವಿಧಾನಗಳ ಪೈಕಿ ಸ್ಪೀಡಿ ಎಂಟ್ರಿಯಲ್ಲಿ ಓ ಕೀಲಿ, ಸಿಂಪಲ್ ಎಂಟ್ರಿಯಲ್ಲಿ ಎಚ್ ಕೀಲಿ ನೋಟ್ ಮರೆಮಾಡುತ್ತವೆ.

ಡೊರಿಕೊ 2016ರಲ್ಲಿ ಬಂದದ್ದು. ಸೆಮಿಕೋಲನ್ ಒತ್ತಿ 3:2 ಎಂದು ಟೈಪ್ ಮಾಡಿದರೆ ಟ್ರಿಪ್ಲೆಟ್ ಶುರು. ಒಂದು ನೋಟ್ ಅನ್ನು ಇಡಿಯಾಗಿ ಮರೆಮಾಡುವ ಬದಲು ತಲೆ, ಸ್ಟೆಮ್ ಹೀಗೆ ಒಂದೊಂದು ಭಾಗಕ್ಕೂ ಪ್ರತ್ಯೇಕ ಆಯ್ಕೆ ಅಲ್ಲಿದೆ. ಬ್ರಾಕೆಟ್‌ಗೂ ಅದರದ್ದೇ ಆಯ್ಕೆ. ಬಾರ್ ಗೆರೆಯನ್ನು ದಾಟುವ ಟ್ರಿಪ್ಲೆಟ್ ಅನ್ನು ಕೂಡ ಅದು ಸಲೀಸಾಗಿ ಬರೆಯುತ್ತದೆ. ಮ್ಯೂಸ್‌ಸ್ಕೋರ್ ಮತ್ತು ಸಿಬೇಲಿಯಸ್‌ನಲ್ಲಿ ಆ ಸೌಲಭ್ಯ ನೇರವಾಗಿ ಇಲ್ಲ. ಅಲ್ಲಿ ಜನ ಇಂದಿಗೂ ಮರೆಮಾಡಿದ ನೋಟ್ ಮತ್ತು ಕೈಯಿಂದ ಎಳೆದ ಬ್ರಾಕೆಟ್‌ನ ಮೊರೆ ಹೋಗುತ್ತಾರೆ.

ಎಲ್ಲ ಕಡೆಯೂ ಒಂದು ಮಾತು ಒಂದೇ. ಬಾರ್ ಪೂರ್ತಿ ಒಟ್ಟಿಗೆ ಆಯ್ಕೆ ಮಾಡಿ ಮರೆಮಾಡಿದರೆ ಆ ಆಯ್ಕೆಯಲ್ಲಿ ಬ್ರಾಕೆಟ್ ಮತ್ತು ಅಂಕಿಯೂ ಸೇರಿಕೊಂಡಿರಬಹುದು. ನನ್ನ ಎರಡನೇ ಪ್ರಯತ್ನದಲ್ಲಿ ಆದದ್ದು ಅದೇ. ಆಗ ಹೆದರಬೇಕಾಗಿಲ್ಲ. ಮರೆಯಾದವನ್ನು ಪರದೆಯಲ್ಲಿ ತೋರಿಸುವಂತೆ ಮಾಡಿ, ಬೂದು ಬಣ್ಣದ 3 ಅನ್ನು ಮಾತ್ರ ಹುಡುಕಿ ಕ್ಲಿಕ್ ಮಾಡಿ, ಅದನ್ನೊಂದನ್ನೇ ಮರಳಿ ಕಾಣಿಸಿದರಾಯಿತು.

ಒಂದೇ ನೋಟ್ ಮರೆಮಾಡಿದಾಗ

ಮೂರೂ ನೋಟ್ ಮರೆಯಾದರೆ ಲೆಕ್ಕ ಸುಲಭ. ಒಂದನ್ನು ಮಾತ್ರ ಮರೆಮಾಡಿದಾಗ ಸ್ವಲ್ಪ ಯೋಚಿಸಬೇಕು.

ನಡುವಿನದ್ದು ಮರೆಯಾದರೆ ಬೀಮ್ ಮೊದಲನೆಯದರಿಂದ ಮೂರನೆಯದಕ್ಕೆ ಹಾದುಹೋಗುತ್ತದೆ. ನಡುವೆ ಒಂದು ಸ್ಟೆಮ್ ಮಾತ್ರ ನೇತಾಡುತ್ತಿದ್ದರೆ ಅದನ್ನೂ ಮರೆಮಾಡಿ. ಆಗ ಕಾಣುವುದು ಎರಡು ನೋಟ್, ಒಂದು ಬೀಮ್, ಮೇಲೆ 3. ಓದುವವರಿಗೆ ಇದು ವಿಚಿತ್ರ. ಎರಡೇ ಇದೆ, ಮೂರು ಅನ್ನುತ್ತಿದೆಯಲ್ಲ? ಬ್ರಾಕೆಟ್ ಹಾಕಿದರೆ, ಕೆಳಗೆ ಜಾಗವೂ ಬಿಟ್ಟಿದ್ದರೆ, ಇಲ್ಲಿ ಒಂದು ಬೇಕೆಂದೇ ಬಿಟ್ಟಿದೆ ಎಂಬುದು ಹೊಳೆಯುತ್ತದೆ.

ಕೊನೆಯದ್ದು ಮರೆಯಾದರೆ ಬೀಮ್ ಮುರಿದ ಸೇತುವೆಯ ಹಾಗೆ ಅರ್ಧದಲ್ಲಿ ನಿಲ್ಲುತ್ತದೆ. ಅದು ಖಾಲಿ ಜಾಗದತ್ತ ಚಾಚಿಕೊಂಡಿರುವುದು ನೋಡಲು ಚೆನ್ನಾಗಿರುವುದಿಲ್ಲ. ಎರಡನೇ ಮತ್ತು ಮೂರನೇ ನೋಟ್‌ನ ನಡುವೆ ಬೀಮ್ ತುಂಡರಿಸಿ. ಹಾಗೆ ಮಾಡಿದ ಕ್ಷಣವೇ ಆಟೋಮ್ಯಾಟಿಕ್ ಸ್ಥಿತಿಯಲ್ಲಿದ್ದರೂ ಬ್ರಾಕೆಟ್ ತಾನಾಗಿ ಬಂದುಬಿಡುತ್ತದೆ, ಯಾಕೆಂದರೆ ಈಗ ಇಡೀ ಗುಂಪನ್ನು ಹಿಡಿದಿಡುವ ಬೀಮ್ ಇಲ್ಲ. ಬ್ರಾಕೆಟ್ ಮರೆಯಾದ ಮೂರನೇ ನೋಟ್‌ನ ಜಾಗದವರೆಗೂ ಚಾಚುತ್ತದೆ. ಹಾಗೇ ಇರಲಿ. ಕಾಣುವ ನೋಟ್‌ಗೆ ಸರಿಯಾಗಿ ನಿಲ್ಲಲಿ ಎಂದು ಅದನ್ನು ಎಳೆದು ಗಿಡ್ಡ ಮಾಡುವವರನ್ನು ನೋಡಿದ್ದೇನೆ. ಬ್ರಾಕೆಟ್ ಅಳೆಯುವುದು ಕಾಲವನ್ನು. ಗಿಡ್ಡ ಮಾಡಿದರೆ ಅದು ಸುಳ್ಳು ಹೇಳಿದ ಹಾಗೆ.

ಹಾಳೆ ತಯಾರಿಸುವುದನ್ನು ಬಿಟ್ಟರೆ ಇದೆಲ್ಲ ಯಾಕೆ ಬೇಕು? ಒಂದೇ ಸ್ಟಾಫ್‌ನಲ್ಲಿ (ಐದು ಗೆರೆಗಳ ಸಾಲಿನಲ್ಲಿ) ಎರಡು ವಾಯ್ಸ್ (ಒಟ್ಟಿಗೆ ಸಾಗುವ ಬೇರೆ ಬೇರೆ ಸ್ವರಧಾರೆ) ಇರುವಾಗ ಹೆಚ್ಚಾಗಿ ಬೇಕಾಗುತ್ತದೆ. ಮೇಲಿನ ವಾಯ್ಸ್ ಉದ್ದದ ನೋಟ್ ಹಿಡಿದಿದೆ. ಕೆಳಗಿನದ್ದು ಟ್ರಿಪ್ಲೆಟ್‌ನ ಎರಡನೇ ಪಾಲಿನಿಂದ ಶುರುವಾಗುತ್ತದೆ. ಮೊದಲ ಪಾಲಿನ ರೆಸ್ಟ್ ಅನ್ನು ತೋರಿಸಿದರೆ ಜಾಗ ಕಿಕ್ಕಿರಿದು ಓದಲು ಕಷ್ಟ. ಅದನ್ನು ಮರೆಮಾಡಿ ಬ್ರಾಕೆಟ್ ಉಳಿಸಿಕೊಂಡರೆ ಲಯ ಸ್ಪಷ್ಟವಾಗಿರುತ್ತದೆ, ಯಾಕೆಂದರೆ ಮೊದಲ ಪಾಲಿನ ಜಾಗದಲ್ಲಿ ಮೇಲಿನ ವಾಯ್ಸ್‌ನ ನೋಟ್ ಇದ್ದೇ ಇದೆ. ಪಿಯಾನೋದಲ್ಲಿ ಟ್ರಿಪ್ಲೆಟ್ ಎಡಗೈಯಲ್ಲಿ ಶುರುವಾಗಿ ಬಲಗೈಯಲ್ಲಿ ಮುಗಿಯುವಾಗಲೂ ಹೀಗೇ. ಎರಡೂ ಸ್ಟಾಫ್‌ನಲ್ಲಿ ಪೂರ್ತಿ ಟ್ರಿಪ್ಲೆಟ್ ಬರೆದು, ಬೇಡದ ರೆಸ್ಟ್‌ಗಳನ್ನು ಮರೆಮಾಡಿ, ಒಂದು ಬ್ರಾಕೆಟ್ ಮಾತ್ರ ಉಳಿಸುತ್ತಾರೆ.

ಇವುಗಳ ಹೊರಗೆ, ನುಡಿಸುವವರ ಕೈಗೆ ಹೋಗುವ ಪ್ರತಿಯಲ್ಲಿ ರೆಸ್ಟ್ ಮರೆಮಾಡುವುದು ನನಗೆ ಒಪ್ಪಿಗೆಯಿಲ್ಲ. ಒಂದೇ ವಾಯ್ಸ್ ಇರುವಾಗ ಬ್ರಾಕೆಟ್‌ನೊಳಗೆ ಮೂರು ಪಾಲೂ ಕಣ್ಣಿಗೆ ಕಾಣಬೇಕು. ತಕಿಟ ಎಂದು ಎಣಿಸುವವರಿಗೆ ‘ಕಿ’ ಎಲ್ಲಿ ಬೀಳುತ್ತದೆ ಎಂದು ಹುಡುಕುವ ಕೆಲಸ ಕೊಡಬಾರದು. ಪುಟ ಚೆನ್ನಾಗಿ ಕಾಣಲಿ ಎಂದು ಓದುವವರಿಗೆ ಕಷ್ಟ ಕೊಡುವುದು ಯಾವ ನ್ಯಾಯ?

ಕಾಣದ್ದು ಕೇಳಿಸುತ್ತದೆ

ಮರೆಮಾಡಿದ ನೋಟ್ ಪ್ಲೇಬ್ಯಾಕ್‌ನಲ್ಲಿ ಕೇಳುತ್ತಲೇ ಇರುತ್ತದೆ. ಕಿವಿಯ ಅಭ್ಯಾಸದ ಹಾಳೆಗೆ ಇದು ವರ. ಕಾಗದದಲ್ಲಿ ಖಾಲಿ, ಧ್ವನಿಯಲ್ಲಿ ಉತ್ತರ. ಬ್ರಾಕೆಟ್ ನಿಲ್ಲಿಸುವ ಕಂಬವಾಗಿ ಮಾತ್ರ ನೋಟ್ ಹಾಕಿದ್ದರೆ ಅದು ಕಿರಿಕಿರಿ. ಮ್ಯೂಸ್‌ಸ್ಕೋರ್‌ನಲ್ಲಿ ಆ ನೋಟ್‌ನ ಪ್ಲೇ ಎಂಬ ಗುರುತನ್ನು ತೆಗೆಯಬಹುದು. ಸಿಬೇಲಿಯಸ್‌ನಲ್ಲಿ ಎಷ್ಟನೇ ಸುತ್ತಿನಲ್ಲಿ ನುಡಿಸಬೇಕು ಎಂಬ ಗುರುತುಗಳಿವೆ, ಎಲ್ಲವನ್ನೂ ತೆಗೆದರೆ ಮೌನ. ಡೊರಿಕೊದಲ್ಲಿ ಪ್ಲೇಬ್ಯಾಕ್ ತಡೆಯುವ ಆಯ್ಕೆ ಇದೆ. ಇದನ್ನು ಮರೆತರೆ ಮುಗಿಯಿತು. ಎಲ್ಲಿಂದ ಬರುತ್ತಿದೆ ಎಂದು ತಿಳಿಯದ ಒಂದು ಸ್ವರವನ್ನು ಹುಡುಕುತ್ತಾ ಅರ್ಧ ದಿನ ಹೋಗುತ್ತದೆ.

ಇನ್ನು ಕಡತವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ಮಾತು. ಅದಕ್ಕೆ ಎಲ್ಲರೂ ಬಳಸುವುದು ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ಸಾಮಾನ್ಯ ರೂಪ. ಮೈಕಲ್ ಗುಡ್ ರೂಪಿಸಿದ ಇದರ ಮೊದಲ ಆವೃತ್ತಿ 2004ರಲ್ಲಿ ಬಂತು. ಮೇಲೆ ಹೇಳಿದ ಮೂರು ಸಂಗತಿಗಳ ಬೇರ್ಪಾಡನ್ನು ಇದರಷ್ಟು ಚೊಕ್ಕವಾಗಿ ತೋರಿಸುವುದು ಬೇರೆ ಇಲ್ಲ. ಎರಡರ ಜಾಗದಲ್ಲಿ ಮೂರು ಎಂಬ ಕಾಲದ ನಿಯಮ ಪ್ರತಿ ನೋಟ್‌ನೊಳಗೂ ಒಂದು ಕಡೆ ದಾಖಲಾಗುತ್ತದೆ. ಬ್ರಾಕೆಟ್ ಬೇಕೇ, ಅಂಕಿ ಬೇಕೇ ಎಂಬ ಚಿತ್ರದ ಮಾಹಿತಿ ಬೇರೆಯೇ ಕಡೆ. ನೋಟ್ ಅಚ್ಚಾಗಬೇಕೇ ಬೇಡವೇ ಎಂಬುದು ಮೂರನೇ ಕಡೆ. ಅಚ್ಚಾಗದ ನೋಟ್‌ಗೆ ಜಾಗ ಬಿಡಬೇಕೇ ಎಂಬುದಕ್ಕೂ ಒಂದು ಗುಣ ಇದೆ. ಏನೂ ಹೇಳದಿದ್ದರೆ ಬಿಡು ಎಂದೇ ಅರ್ಥ.

ಬ್ರಾಕೆಟ್ ಬೇಕೇ ಎಂಬ ಪ್ರಶ್ನೆಗೆ ಕಡತದಲ್ಲಿ ಉತ್ತರ ಬರೆದಿಲ್ಲದಿದ್ದರೆ, ತೆರೆಯುವ ತಂತ್ರಾಂಶ ತನ್ನ ಇಷ್ಟದಂತೆ ತೀರ್ಮಾನಿಸುತ್ತದೆ. ನಿಮ್ಮಲ್ಲಿ ಕಂಡ ಬ್ರಾಕೆಟ್ ಗೆಳೆಯರ ಕಂಪ್ಯೂಟರ್‌ನಲ್ಲಿ ಮಾಯವಾಗಲು ಇದೂ ಒಂದು ಕಾರಣ. ಆಟೋಮ್ಯಾಟಿಕ್ ಬಿಟ್ಟು ‘ಯಾವಾಗಲೂ’ ಎಂದು ಮೊದಲೇ ಸ್ಪಷ್ಟವಾಗಿ ಇಟ್ಟಿದ್ದರೆ ಅದು ಉಳಿಯುವ ಸಾಧ್ಯತೆ ಜಾಸ್ತಿ.

ಕೈಯಿಂದ ಗೆರೆ ಎಳೆದು, ಪಕ್ಕದಲ್ಲಿ 3 ಎಂದು ಟೈಪ್ ಮಾಡಿ ಮಾಡಿದ ನಕಲಿ ಬ್ರಾಕೆಟ್ ಇಂಥ ಪಯಣದಲ್ಲಿ ಬದುಕುವುದು ಕಷ್ಟ. ಅದು ಬರೀ ಗೆರೆ. ತಾನು ಟ್ರಿಪ್ಲೆಟ್‌ಗೆ ಸೇರಿದ್ದು ಎಂದು ಅದಕ್ಕೇ ಗೊತ್ತಿಲ್ಲ. ಸಾಲು ಮುರಿದು ಬಾರ್ ಮುಂದಿನ ಸಾಲಿಗೆ ಹೋದರೆ ಗೆರೆ ಎಲ್ಲೋ, ನೋಟ್ ಎಲ್ಲೋ. ಬಾರ್ ದಾಟುವ ಟ್ರಿಪ್ಲೆಟ್‌ನಂಥ ಸಂಕಟದಲ್ಲಿ ಬೇರೆ ದಾರಿಯಿಲ್ಲ, ಒಪ್ಪೋಣ. ಆಗಲೂ ಸಾಮಾನ್ಯ ಅಕ್ಷರದ 3 ಬಳಸಬೇಡಿ. ಬ್ರಾವುರಾದಂಥ ಸಂಗೀತದ ಫಾಂಟ್‌ಗಳಲ್ಲಿ ಟಪ್ಲೆಟ್‌ಗೆಂದೇ ಪ್ರತ್ಯೇಕ ಅಂಕಿಗಳಿವೆ. ಅವನ್ನು ಹಾಕಿದರೆ ಉಳಿದ ಪುಟದ ಜೊತೆ ಹೊಂದಿಕೊಳ್ಳುತ್ತದೆ.

ಮತ್ತೆ ನನ್ನ ಹಾಳೆಗೆ ಬರುತ್ತೇನೆ. ಬ್ರಾಕೆಟ್ ಬಂತು, 3 ಬಂತು, ಜಾಗ ಖಾಲಿ ಇತ್ತು. ಪಿಡಿಎಫ್ ಮಾಡಿ ನೋಡಿದಾಗ ಬ್ರಾಕೆಟ್ ಎಡದಿಂದ ಬಲಕ್ಕೆ ಮೇಲೇರುತ್ತಿತ್ತು. ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ನಗು ಬಂತು. ಮರೆಮಾಡಿದ ಮೂರು ನೋಟ್‌ಗಳ ಸ್ವರ ಏರುತ್ತಾ ಹೋಗುತ್ತಿತ್ತು, ಬ್ರಾಕೆಟ್ ಅವುಗಳ ಜೊತೆ ಓರೆಯಾಗಿತ್ತು. ಉತ್ತರ ಮುಚ್ಚಿಟ್ಟಿದ್ದೇನೆ ಅಂದುಕೊಂಡಿದ್ದೆ, ಬ್ರಾಕೆಟ್ ಚಾಡಿ ಹೇಳುತ್ತಿತ್ತು. ಜಾಗದ ಅಗಲವೂ ಹಾಗೆ ಸುಳಿವು ಕೊಡುತ್ತದೆ. ಟ್ರಿಪ್ಲೆಟ್‌ನೊಳಗೆ ಒಂದು ಕ್ವಾರ್ಟರ್, ಒಂದು ಎಯ್ತ್ ಇದ್ದರೆ ಅಗಲ ಒಂದು ರೀತಿ, ಮೂರು ಎಯ್ತ್ ಇದ್ದರೆ ಇನ್ನೊಂದು ರೀತಿ.

ಈಗ ಎರಡು ಕಡತ ಇಟ್ಟುಕೊಳ್ಳುತ್ತೇನೆ. ಉತ್ತರ ಇರುವ ಕಡತದಿಂದ ಧ್ವನಿ ತೆಗೆಯುತ್ತೇನೆ. ಖಾಲಿ ಹಾಳೆಯ ಕಡತದಲ್ಲಿ ಮೂರು ಎಯ್ತ್ ನೋಟ್‌ಗಳನ್ನೂ ಸ್ಟಾಫ್‌ನ ನಡುಗೆರೆಯ ಮೇಲೆ ಒಂದೇ ಸ್ವರದಲ್ಲಿ ಇಟ್ಟು ಮರೆಮಾಡುತ್ತೇನೆ, ಪ್ಲೇಬ್ಯಾಕ್ ನಿಲ್ಲಿಸುತ್ತೇನೆ, ಬ್ರಾಕೆಟ್ ಅನ್ನು ‘ಯಾವಾಗಲೂ’ ಎಂದು ಇಟ್ಟು, ಸ್ಟಾಫ್‌ನ ಮೇಲೆಯೇ ನಿಲ್ಲುವಂತೆ ದಿಕ್ಕನ್ನೂ ಹೇಳುತ್ತೇನೆ. ಬ್ರಾಕೆಟ್ ನೆಟ್ಟಗೆ ಮಲಗಿರುತ್ತದೆ. ಕೆಳಗೆ ಏನಿದೆ ಎಂದು ಹೇಳುವುದಿಲ್ಲ.